ಪಿಕಪ್ ಮೇಲಿನ ಸಾಹುಕಾರರು

ಇಟ್ಟಿಗೆ ಭಟ್ಟಿಯ ಪಂಪಣ್ಣ ಸಾಹುಕಾರರ ಹಳೆಯ ಪಿಕಪ್ ಡೀಸೆಲನ್ನು ನೀರಿನಂತೆ ಕುಡಿಯುತ್ತಿತ್ತು. “ಇವತ್ತು ಮೈಲೇಜ್ ಕೊಡಿಸು, ಇಲ್ಲ ಕೀಲಿ ಇಟ್ಟು ಮನೆಗೆ ನಡಿ,” ಎಂದು ಡ್ರೈವರನಿಗೆ ಗುಡುಗಿ ಅವರು ಗಾಡಿ ಹತ್ತಿದರು.

ಕ್ಯಾಬಿನ್ ನೆತ್ತಿಯ ಮೇಲೆ ಪೇಟ ಸುತ್ತಿದ ಸಾಹುಕಾರರ ಆಳೆತ್ತರದ ತಗಡಿನ ಚಿತ್ರ ಎದುರುಗಾಳಿಗೆ ಎದೆಯೊಡ್ಡಿ ನಿಂತಿತ್ತು. ಅದನ್ನು ಇಳಿಸೋಣವೆಂದ ಹಿಂದಿನ ಡ್ರೈವರ್ ಕೆಲಸ ಕಳೆದುಕೊಂಡಿದ್ದ.

ಗುಡ್ಡದ ಏರು ಬಂತು. ಡ್ರೈವರ್ ಗಾಡಿ ನಿಲ್ಲಿಸಿ ಕೈಮುಗಿದ. “ಧಣಿ, ಏರಿನಲ್ಲಿ ಎತ್ತಿನ ಬಂಡಿಯಿಂದ ಇಳಿದು ನಡೆಯೋದು ನಮ್ಮ ಕಡೆ ಪದ್ಧತಿ. ಇದಕ್ಕೂ ವಯಸ್ಸಾಯ್ತು, ಇಬ್ಬರು ಸಾಹುಕಾರರನ್ನು ಎಳೆಯೋಕಾಗಲ್ಲ. ಒಬ್ಬರು ಇಳೀಬೇಕು.”

“ಮೇಲಿರೋದನ್ನ ಮುಟ್ಟೀಯ ಜೋಕೆ!” ಎಂದು ಸಾಹುಕಾರರೇ ಇಳಿದರು.

ಪಿಕಪ್ ಮುಂದೆ, ಏದುಸಿರು ಬಿಡುತ್ತ ಸಾಹುಕಾರರು ಹಿಂದೆ. ದಾರಿಯ ಜನ ಚಿತ್ರಕ್ಕೆ ನಮಸ್ಕರಿಸಿದರು. ಒಬ್ಬ ಅಜ್ಜಿ ಮಾತ್ರ ಇವರನ್ನು ನೋಡಿ, “ಅಯ್ಯೋ ಹಮಾಲಣ್ಣಾ, ನಿಮ್ಮ ಧಣಿ ಹತ್ತಿಸಿಕೊಳ್ಳಲಿಲ್ವಾ?” ಎಂದು ಮರುಗಿದಳು.

“ಲೋ, ನಿಲ್ಸೋ!” ಸಾಹುಕಾರರು ಕಿರುಚಿದರು. “ಮೊದಲು ಆ ಮೇಲಿನವನನ್ನ ಕೆಳಗಿಳಿಸು!”

ಅಂದಿನಿಂದ ಪಿಕಪ್ ಹದವಾಗಿ ಕುಡಿಯುತ್ತಿದೆ. ಕೀಲಿ ಡ್ರೈವರನ ಜೇಬಿನಲ್ಲೇ ಇದೆ.