ಹೋರಿಯ ಬಲಗೊಂಬು

"ಗುರುಗಳೇ, ಮನಸ್ಸಿನಲ್ಲಿ ಒಂದು ಹನಿ ಕಹಿಯೂ ಉಳಿಯದಂತೆ ಮಾಡಿಕೊಳ್ಳಲು ಇನ್ನೆಷ್ಟು ದಿನ ಬೇಕು?"

ಕೇಳಿದವನು ಕರಿಬಸವ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಬರುವ ದಿನ, ತನ್ನನ್ನು ಸಾಕಿ ಬೆಳೆಸಿದ ಅಕ್ಕನೊಂದಿಗೆ ಜಗಳವಾಡಿ, ಆಡಬಾರದ ಮಾತು ಆಡಿ ಬಂದಿದ್ದ. ಹೋಗಿ ತಪ್ಪಾಯಿತು ಎನ್ನಬೇಕೆಂಬ ಆಸೆ ಬಹಳ ಇತ್ತು. ಆದರೆ ಅಕ್ಕ ಅಂದ ಮಾತೂ ನೆನಪಾಗಿ ಒಳಗೆಲ್ಲೋ ಸಿಟ್ಟು ಮಿಸುಕುತ್ತಿತ್ತು. ಅದು ಪೂರ್ತಿ ಆರಿದ ಮೇಲೆ, ತಿಳಿಯಾದ ಮನಸ್ಸಿನಿಂದ ಅವಳ ಮುಂದೆ ನಿಲ್ಲಬೇಕೆಂದು ಕಾದಿದ್ದ.

ಗುರುಗಳು ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. "ಕೂತ್ಕೋ. ಕೈ ಸುಮ್ಮನಿರುವುದು ಬೇಡ, ನೀನೂ ಆರಿಸು," ಎಂದರು. ಆಮೇಲೆ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನ ಅಣ್ಣ ಪಾಲಯ್ಯ ದನದ ಆಸ್ಪತ್ರೆಯ ಕಾಂಪೌಂಡರು, ಹನ್ನೆರಡು ಕಿಲೋಮೀಟರು ದೂರದ ಹಳ್ಳಿಯಲ್ಲಿದ್ದ. ಅಣ್ಣನ ಬಳಿ ಒಂದು ಮೋಟಾರ್ ಸೈಕಲ್ ಇತ್ತು. ಊರೂರು ತಿರುಗಿ ದನಕ್ಕೆ ಸೂಜಿ ಹಾಕಿ ಬರುತ್ತಿದ್ದುದು ಅದರ ಮೇಲೆಯೇ. ತಮ್ಮ ಒಮ್ಮೆ ನಾಲ್ಕು ದಿನಕ್ಕೆಂದು ಅದನ್ನು ಕೇಳಿ ತಂದ. ಐದನೆಯ ದಿನ ಅಣ್ಣ ಬಂದವನು ತಮ್ಮನ ಬೀಗರ ಎದುರಿಗೇ, "ಮುಳ್ಳು ತಿರುಗ್ಸೋನಿಗೆ ಗಾಡಿ ಯಾಕೋ?" ಎಂದುಬಿಟ್ಟ. ತಮಾಷೆಗೇ ಅಂದನೋ ಏನೋ. ತಮ್ಮನಿಗೆ ಮೈಯೆಲ್ಲ ಉರಿಯಿತು. ತಪ್ಪಾಯಿತು ಅಂದರೆ ಮಾತ್ರ ಗಾಡಿ ಕೊಡುತ್ತೇನೆ ಎಂದ. ಅಣ್ಣನೂ ಅದೇ ರಕ್ತದವನಲ್ಲವೇ? ಅವನಾಗಿ ತಂದು ಕೊಡಲಿ ಎಂದು ಬರಿಗೈಯಲ್ಲಿ ಬಸ್ಸು ಹತ್ತಿದ.

ಹೀಗೆ ಹನ್ನೊಂದು ವರ್ಷ ಕಳೆಯಿತು. ಮೋಟಾರ್ ಸೈಕಲ್ಲು ಅಂಗಡಿಯ ಹಿಂದೆ ಟಾರ್ಪಾಲಿನ ಕೆಳಗೆ ಕೊಳೆಯಿತು. ಸೀಟಿನ ಸ್ಪಂಜು ಇಲಿಗಳ ಪಾಲಾಯಿತು. ಟ್ಯಾಂಕಿನ ತಳವನ್ನು ತುಕ್ಕು ತಿಂದಿತು. ಅಣ್ಣ ಅಷ್ಟೂ ವರ್ಷ ಸೂಜಿಪೆಟ್ಟಿಗೆ ಕಟ್ಟಿಕೊಂಡು ಸೈಕಲ್ ತುಳಿದ. ದಾರಿ ಕೆಸರಾದಾಗ ನಡೆದೇ ಹೋದ. ಹಾಗೆ ಓಡಾಡುತ್ತಲೇ ನಿವೃತ್ತನೂ ಆದ.

ಆ ಸುದ್ದಿ ಕೇಳಿದ ದಿನ ತಮ್ಮ ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟ. ಅಂಗಡಿಯ ಹಿಂದೆ ಹೋಗಿ ಟಾರ್ಪಾಲು ಎತ್ತಿದ. ನಾಚಿಕೆಯಾಯಿತು, ಅಳುವೂ ಬಂತು. ಇದನ್ನು ಹೊಸದರಂತೆ ಮಾಡಿಸಿ, ಅಣ್ಣನ ಮನೆಯ ಮುಂದೆ ನಿಲ್ಲಿಸಿ, ಅವನು ಕಣ್ಣರಳಿಸಿ ನೋಡುವಾಗ ತಪ್ಪಾಯಿತು ಎನ್ನಬೇಕು ಎಂದುಕೊಂಡ.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಅವನು ಗಡಿಯಾರದವನು ನೋಡು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂದಲೆಳೆಯಷ್ಟರ ಚಕ್ರಗಳನ್ನು ಕೂರಿಸಿದವನು. ಅದೇ ಮಸೂರ ಸಿಕ್ಕಿಸಿಕೊಂಡು ಮೋಟಾರ್ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಆ ಗಾಜಿನಲ್ಲಿ ನೋಡಿದರೆ ಹೆತ್ತ ತಾಯಿಯ ಮುಖದಲ್ಲೂ ಊನ ಕಂಡೀತು.

ಮೆಕ್ಯಾನಿಕ್ ಒಬ್ಬ ಎರಡು ತಿಂಗಳಲ್ಲಿ ಇಂಜಿನ್ ಬಿಚ್ಚಿ, ಹೊಸ ಪಿಸ್ಟನ್, ಅದರ ಸುತ್ತಿನ ರಿಂಗು ಹಾಕಿ ಕೊಟ್ಟ. "ಅಣ್ಣಾ, ಇನ್ನು ರೋಡಿಗೆ ಬಿಡಿ. ಹೊಸ ರಿಂಗು ರೋಡಲ್ಲಿ ಓಡಿದ್ರೇ ಕೂರೋದು. ನಿಲ್ಲಿಸ್ಕೊಂಡು ಬರೀ ಸ್ಟಾರ್ಟ್ ಮಾಡ್ತಾ ಇದ್ರೆ ಇಂಜಿನ್ ಹಾಳಾಗುತ್ತೆ," ಎಂದ.

"ಬಣ್ಣ ಆಗ್ಲಿ, ಬಿಡ್ತೀನಿ," ಎಂದ ಗಡಿಯಾರದವನು.

ಬಣ್ಣವಾಯಿತು, ಮೊದಲಿದ್ದಂಥದೇ ಮರೂನು. ಅದರಂಚಿಗೆ ಕೈಯಲ್ಲಿ ಎಳೆದ ಚಿನ್ನದ ಗೆರೆ. ಮಡ್‌ಗಾರ್ಡು, ಹ್ಯಾಂಡಲ್ಲು, ಸೈಲೆನ್ಸರ್ ಮುಖ ನೋಡಿಕೊಳ್ಳುವಷ್ಟು ಹೊಳೆದವು. ಸೂಜಿಪೆಟ್ಟಿಗೆ ಇಡಲು ಪಕ್ಕಕ್ಕೊಂದು ಚರ್ಮದ ಚೀಲವನ್ನೂ ಹೊಲಿಸಿದ, ಅಣ್ಣ ನಿವೃತ್ತನಾದುದೇ ಮರೆತುಹೋದವನ ಹಾಗೆ. ಟ್ಯಾಂಕಿನ ಮೇಲೆ ಪಾಲಯ್ಯ ಎಂದು ಬರೆಸಿ, ಅದರ ಮೇಲೊಂದು ಹೋರಿಯ ತಲೆ ಬಿಡಿಸಲು ಪೇಂಟರ್ ಓಬಳೇಶನಿಗೆ ಹೇಳಿದ. ಅಕ್ಕಪಕ್ಕದ ಅಂಗಡಿಯವರು ಬಂದು ನೋಡಿ, ಇಷ್ಟು ಚೆನ್ನಾಗಿ ಹೊಸ ಗಾಡಿಯೂ ಇರುವುದಿಲ್ಲ ಎಂದರು.

ಗಡಿಯಾರದವನು ಮಸೂರ ಸಿಕ್ಕಿಸಿ ನೋಡಿದ. ಹೋರಿಯ ಬಲಗೊಂಬು ಎಡಗೊಂಬಿಗಿಂತ ಒಂದೆಳೆ ಉದ್ದವಿತ್ತು. ಅಳಿಸಿ ಬರೆಸಿದ. ಈಗ ಎಡಗೊಂಬು ದಪ್ಪ ಕಂಡಿತು. ಮತ್ತೆ ಅಳಿಸಿದ. ಮೂರನೆಯ ಸಲ ಬಂದಾಗ ಓಬಳೇಶ ಬ್ರಷ್ಷು ಅದ್ದುತ್ತಾ, "ಮೊನ್ನೆ ಸಂತೇಲಿ ನಿಮ್ಮಣ್ಣ ಸಿಕ್ಕಿದ್ರು. ಪಾಪ, ಅವರಿಗೆ..." ಎಂದು ಏನೋ ಹೇಳಹೊರಟ.

"ಅದೆಲ್ಲ ಆಮೇಲೆ ಹೇಳಪ್ಪ. ಮೊದ್ಲು ಈ ಬಲಗೊಂಬು ನೋಡು."

ಓಬಳೇಶ ಬಾಯಿ ಮುಚ್ಚಿಕೊಂಡು ಕೊಂಬು ಸರಿಮಾಡಿ ಹೋದ. ಮಾತು ಅಲ್ಲಿಗೇ ನಿಂತಿತು.

ದಿನವೂ ಬೆಳಿಗ್ಗೆ ಗಡಿಯಾರದವನು ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡುವನು, ಸದ್ದು ಕೇಳಿ ಹಿಗ್ಗುವನು, ಆಮೇಲೆ ಆರಿಸಿ ಒರೆಸುವನು. ರಸ್ತೆಗೆ ಇಳಿಸಿದರೆ ಧೂಳು ಕೂತೀತೆಂಬ ಭಯ. ಅಣ್ಣನಿಗೆ ಒಂದು ಕಲೆಯೂ ಇಲ್ಲದ್ದನ್ನೇ ಕೊಡಬೇಕೆಂಬ ಹಟ. ಒಳಗೆ ಇನ್ನೊಂದು ಅಂಜಿಕೆಯೂ ಇತ್ತು. ಅಣ್ಣ ಮುಖ ತಿರುಗಿಸಿಕೊಂಡರೆ? ಗಾಡಿ ಕಣ್ಣು ಕುಕ್ಕುವಂತಿದ್ದರೆ ತನ್ನ ಮುಖವನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ ಎಂದು ಅವನ ಎಣಿಕೆ. ಹೀಗೆಯೇ ಹದಿನಾಲ್ಕು ತಿಂಗಳು ಹೋಯಿತು.

ಕಡೆಗೊಂದು ಸೋಮವಾರ ಮಸೂರಕ್ಕೂ ಏನೂ ತಪ್ಪು ಕಾಣಲಿಲ್ಲ. ಒಗೆದ ಅಂಗಿ ತೊಟ್ಟು ಹೊರಟ. ಮೆಕ್ಯಾನಿಕ್ ಹೇಳಿದ್ದು ಸುಳ್ಳಾಗಲಿಲ್ಲ. ಹತ್ತು ಕಿಲೋಮೀಟರಿಗೆ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು, ಇಂಜಿನ್ ಕೆಮ್ಮಿ ನಿಂತಿತು. ಎಷ್ಟು ಒದ್ದರೂ ಏಳಲಿಲ್ಲ. ಉಳಿದ ಎರಡು ಕಿಲೋಮೀಟರು ಬಿಸಿಲಲ್ಲಿ ತಳ್ಳಿದ. ಅಂಗಿಗೆ ಎಣ್ಣೆ ಮೆತ್ತಿತು, ಬೆವರು ಹರಿಯಿತು. ಹೋರಿಯ ಎರಡು ಕೊಂಬಿನ ಮೇಲೂ ಧೂಳು ಸಮವಾಗಿಯೇ ಕೂತಿತು.

ಅಣ್ಣ ಜಗುಲಿಯ ಮೇಲೆ ಕೂತಿದ್ದ. ತಮ್ಮ ನೇರ ಎದುರಿಗೆ ಬಂದು ಗಾಡಿ ನಿಲ್ಲಿಸಿದ.

"ಯಾರಪ್ಪಾ ಅದು?" ಎಂದ ಅಣ್ಣ.

ಸಿಟ್ಟು ಇನ್ನೂ ಇಳಿದಿಲ್ಲ, ಗೊತ್ತಿಲ್ಲದವನಂತೆ ಕೇಳುತ್ತಿದ್ದಾನೆ ಎಂದುಕೊಂಡ ತಮ್ಮ. "ನಾನು," ಎಂದ ಮೆಲ್ಲಗೆ.

ಅಣ್ಣನ ಮುಖ ಅರಳಿತು. "ಬಂದ್ಯಾ! ಗಾಡಿ ಸದ್ದೇ ಕೇಳ್ಲಿಲ್ವಲ್ಲೋ?"

"ಕೆಟ್ಟೋಯ್ತು. ತಳ್ಕೊಂಡು ಬಂದೆ."

"ತಳ್ಕೊಂಡೇ ಬರೋದಾಗಿದ್ರೆ ಹೋದ ವರ್ಷವೇ ಬರಬಹುದಿತ್ತಲ್ಲೋ, ದಡ್ಡ!" ಅಣ್ಣ ನಗುತ್ತಲೇ ಎದ್ದ. ಕಾಲಿನಿಂದ ಮೆಟ್ಟಿಲು ತಡವಿ ಇಳಿದ. ಕೈ ಮುಂದೆ ಚಾಚಿ ಗಾಳಿಯಲ್ಲಿ ಹುಡುಕಿ ಟ್ಯಾಂಕನ್ನು ಮುಟ್ಟಿದ. ಅಂಗೈಯಿಂದ ಅದನ್ನು ಎರಡು ಸಲ ಸವರಿದ. "ಯಾವ ಬಣ್ಣ ಹೊಡೆಸಿದೀಯೋ?" ಎಂದು ಕೇಳಿದ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಪೂರ್ತಿ ಕತ್ತಲಾಗಿ ಮೂರು ತಿಂಗಳಾಗಿತ್ತು. "ಗಾಡಿ ರೆಡಿ ಮಾಡಿಸ್ತಾ ಇದೀಯ ಅಂತ ಓಬಳೇಶ ಹೇಳಿದ್ದ," ಎಂದ ಅಣ್ಣ. "ಇವತ್ತು ಬರ್ತಾನೆ, ನಾಳೆ ಬರ್ತಾನೆ ಅಂತ ದಿನಾ ಇಲ್ಲೇ ಕೂತು ರಸ್ತೆ ನೋಡ್ತಿದ್ದೆ. ಕಾಣೋವರೆಗೂ ನೋಡ್ದೆ ಕಣೋ."

ತಮ್ಮನಿಗೆ ಬಲಗೊಂಬು ನೆನಪಾಯಿತು. ತಪ್ಪಾಯಿತು ಎನ್ನುವುದಕ್ಕೆಂದೇ ಬಂದವನು ಆ ಒಂದು ಮಾತನ್ನೂ ಆಡದೆ, ಅಣ್ಣನ ಕೈ ಹಿಡಿದುಕೊಂಡು ಅಲ್ಲಿಯೇ ಧೂಳಿನಲ್ಲಿ ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವ ಹುರುಳಿಯಿಂದ ಕೈ ತೆಗೆದು, "ಅಣ್ಣ ಅವನನ್ನು ಕ್ಷಮಿಸಿದನೇ?" ಎಂದ.

"ಅದು ಎಂದೋ ಆಗಿತ್ತಪ್ಪ. ಬಸ್ಸು ಹತ್ತಿದ ವಾರಕ್ಕೇ ಆಗಿತ್ತೋ ಏನೋ," ಎಂದರು ಗುರುಗಳು. ಆರಿಸಿದ ಕಲ್ಲುಗಳನ್ನು ಹೊರಗೆ ಚೆಲ್ಲಿ, ಮೊರ ಕೆಳಗಿಟ್ಟು, ಅವನ ಮುಖ ನೋಡಿ ಕೇಳಿದರು:

"ನಿನ್ನ ಅಕ್ಕನಿಗೆ ಈಗ ಎಷ್ಟು ವಯಸ್ಸು?"