ಹನ್ನೊಂದನೇ ಪುಟ

"ಮೇಷ್ಟ್ರೇ, ಒಳ್ಳೆಯ ಪುಸ್ತಕ ಯಾವುದು ಅಂತ ತಿಳಿಯೋದು ಹೇಗೆ?" ಎಂದು ನಾಗವೇಣಿ ಕೇಳಿದಳು.

ಗುರುಗಳ ಹೆಸರು ಪದ್ಮರಾಜಯ್ಯ. ಬಹಳ ವರ್ಷ ಸಿನಿಮಾ ಕ್ಯಾಮರಾ ಹಿಡಿದವರು, ಈಗ ಮನೆಯ ಪಡಸಾಲೆಯಲ್ಲೇ ಆ ಕೆಲಸ ಕಲಿಸುತ್ತಾರೆ. ಹೊಸ ಚಿತ್ರವೊಂದಕ್ಕೆ ಅವರು ಒಬ್ಬ ಫೋಕಸ್ ಸಹಾಯಕರನ್ನು ಆರಿಸಿ ಕಳಿಸಬೇಕಿತ್ತು. ಆ ಜಾಗ ತನಗೇ ಸಿಗಬೇಕು ಎಂದು ನಾಗವೇಣಿಯ ಆಸೆ. ಅದಕ್ಕಾಗಿ ಕ್ಯಾಮರಾ ಸಹಾಯಕರ ಕೈಪಿಡಿಗಳು, ಬೆಳಕು ಹೊಂದಿಸುವುದನ್ನು ಕಲಿಸುವ ಪುಸ್ತಕಗಳು ಎಲ್ಲವನ್ನೂ ಓದಿ, ಒಂದು ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು.

"ಇವಿಷ್ಟೂ ಬಾಯಿಪಾಠ ಆಗಿವೆ. ಅಂಗಡಿಯಲ್ಲಿ ಇನ್ನೆರಡು ಇವೆ. ಯಾವುದನ್ನು ತಗೊಳ್ಳಲಿ?"

ಗುರುಗಳು ಚೀಲವನ್ನು ಒಮ್ಮೆ ಎತ್ತಿ ನೋಡಿದರು. "ತೋಳಿಗೆ ಒಳ್ಳೆ ಕಸರತ್ತು," ಎಂದರು. "ಕೂತ್ಕೋ. ಒಂದು ಕತೆ ಹೇಳ್ತೀನಿ."

ಒಬ್ಬ ಛಾಯಾಗ್ರಾಹಕನಿದ್ದ. ಅವನ ಬಳಿ ಒಬ್ಬ ಯುವಕ, ಒಬ್ಬ ಯುವತಿ ಕೆಲಸ ಕಲಿಯುತ್ತಿದ್ದರು. ಇಬ್ಬರೂ ಓದಿದವರು. ಇಬ್ಬರಿಗೂ ಸೊಕ್ಕು ಇತ್ತು. ಇರಲಿ ಬಿಡು, ಈ ಕಸುಬಿಗೆ ಸ್ವಲ್ಪ ಸೊಕ್ಕು ಬೇಕು. ಫೋಕಸ್ ಹಿಡಿಯುವವರು ಕ್ಯಾಮರಾದ ಪಕ್ಕದಲ್ಲಿ ನಿಂತು, ನಟರು ಎಷ್ಟು ದೂರ ಇದ್ದಾರೋ ಅದಕ್ಕೆ ಸರಿಯಾಗಿ ಲೆನ್ಸಿನ ಬಳೆ ತಿರುಗಿಸಿ ಚಿತ್ರ ಮಸುಕಾಗದಂತೆ ನೋಡಿಕೊಳ್ಳುತ್ತಾರೆ. ಕ್ಯಾಮರಾದೊಳಗೆ ಏನು ಕಾಣುತ್ತಿದೆ ಎಂಬುದು ಅವರಿಗೆ ಕಾಣುವುದಿಲ್ಲ. ಕೆಲಸ ಸರಿಯಾದರೆ ಅವರನ್ನು ಯಾರೂ ನೆನೆಯುವುದಿಲ್ಲ, ತಪ್ಪಿದರೆ ಇಡೀ ಚಿತ್ರಮಂದಿರ ಬೈಯುತ್ತದೆ. ತನ್ನ ಕೆಲಸದ ಮೇಲೆ ತನಗೇ ಅಭಿಮಾನ ಇಲ್ಲದವರು ಅಲ್ಲಿ ಒಂದು ವಾರವೂ ನಿಲ್ಲಲಾರರು.

ಛಾಯಾಗ್ರಾಹಕ ಇಬ್ಬರಿಗೂ ಹೇಳಿದ: "ತಲಾ ಒಂದು ಪುಸ್ತಕ ಆರಿಸಿ. ನಿಮ್ಮಲ್ಲಿ ಒಬ್ಬರಿಗೆ ಲೆನ್ಸಿನ ಬಳೆ ಕೊಡ್ತೀನಿ."

ಇಬ್ಬರೂ ಒಂದೇ ಅಂಗಡಿಗೆ ಹೋದರು. ಯುವಕ ಎಲ್ಲಕ್ಕಿಂತ ದಪ್ಪ ಪುಸ್ತಕ ತೆಗೆದುಕೊಂಡ. ಅದರಲ್ಲಿ ಎಲ್ಲವೂ ಇತ್ತು. ದೀಪ ಎಲ್ಲಿಡಬೇಕು, ನೆರಳು ಎಲ್ಲಿ ಬೀಳಬೇಕು, ನಟ ಎಲ್ಲಿ ನಿಲ್ಲಬೇಕು, ಪ್ರತಿಯೊಂದಕ್ಕೂ ಚಿತ್ರ. ಯುವತಿ ತೆಳ್ಳಗಿನದೊಂದನ್ನು ನಿಂತಲ್ಲೇ ಓದತೊಡಗಿದಳು. ಹನ್ನೊಂದನೇ ಪುಟಕ್ಕೆ ಬಂದವಳು ಪುಸ್ತಕವನ್ನು ಮಗುಚಿಟ್ಟು, ಅಂಗಡಿಯವನ ಮೂಗಿಗೂ ತನಗೂ ಇರುವ ಅಂತರವನ್ನು ಗೇಣಿನಿಂದ ಅಳೆಯಲು ಹೋದಳು. ಅವನು ಹೌಹಾರಿ ಹಿಂದೆ ಸರಿದ. ಅವಳು ಆ ಪುಸ್ತಕವನ್ನೇ ಕೊಂಡಳು.

ಯುವಕ ತನ್ನ ಪುಸ್ತಕವನ್ನು ಬೇಗ ಮುಗಿಸಿದ. ಯಾವ ಪುಟದಿಂದ ಕೇಳಿದರೂ ತಟ್ಟನೆ ಹೇಳುತ್ತಿದ್ದ. ಬೆಳಕನ್ನು ನಿಜವಾಗಿಯೂ ಚೆನ್ನಾಗಿ ಹೊಂದಿಸುತ್ತಿದ್ದ. ಯುವತಿ ಮಾತ್ರ ತಿಂಗಳುಗಟ್ಟಲೆ ಹನ್ನೊಂದನೇ ಪುಟದಲ್ಲೇ ಇದ್ದಳು. ಅಲ್ಲಿ ಇದ್ದದ್ದು ಇಷ್ಟೇ: ಕಂಡದ್ದು ಎಷ್ಟು ದೂರವಿದೆ ಎಂದು ಮೊದಲು ಬಾಯಲ್ಲಿ ಹೇಳು, ಆಮೇಲೆ ಟೇಪು ಹಿಡಿದು ನೋಡು, ತಪ್ಪುವುದು ನಿಲ್ಲುವ ತನಕ ಮುಂದಿನ ಪುಟ ತಿರುವಬೇಡ. ಅವಳು ತಿರುವಲಿಲ್ಲ. ಬಸ್ ನಿಲ್ದಾಣದ ಕಂಬ, ರಸ್ತೆಯ ಎಮ್ಮೆ, ಮದುವೆ ಮನೆಯಲ್ಲಿ ಎದುರು ಸಾಲಿಗೆ ಬಡಿಸುತ್ತಿದ್ದವರು, ಯಾವುದನ್ನೂ ಬಿಡಲಿಲ್ಲ. ನಿಂತದ್ದನ್ನು ಅಳೆದು ಆದ ಮೇಲೆ ನಡೆಯುವುದನ್ನು ಅಳೆದಳು. ಇವಳಿಗೆ ಏನೋ ಮೆಟ್ಟಿಕೊಂಡಿದೆ ಎಂದು ಅವಳ ತಾಯಿಗೆ ಚಿಂತೆ ಹತ್ತಿತು.

ಆ ಹೊತ್ತಿಗೆ ಛಾಯಾಗ್ರಾಹಕನಿಗೆ ದೊಡ್ಡದೊಂದು ಕೆಲಸ ಬಂತು. ಗದಗಿನ ಕಡೆಯ ಒಬ್ಬ ಹಿರಿಯ ನಟಿ. ಕಂಪನಿ ನಾಟಕದಲ್ಲಿ ಹಾಡಿ ಹಾಡಿ ಹೆಸರಾದವಳು, ರಂಗ ಬಿಟ್ಟು ಎಷ್ಟೋ ಕಾಲವಾಗಿತ್ತು. ಅವಳ ಹಾಡನ್ನು ಅವಳ ಹಳೆಯ ರಂಗಮಂದಿರದಲ್ಲೇ ಚಿತ್ರೀಕರಿಸಬೇಕಿತ್ತು. ಅವಳು ಹಾಡುವುದನ್ನು ಅಲ್ಲಿಯವರೆಗೆ ಯಾರೂ ಫಿಲ್ಮಿನಲ್ಲಿ ಹಿಡಿದಿರಲಿಲ್ಲ. ಇದು ಕೆಟ್ಟರೆ ಅವಳ ಆಟ ಅವಳೊಂದಿಗೇ ಹೋಗುತ್ತಿತ್ತು.

ಯುವಕ ಪುಸ್ತಕದಲ್ಲಿದ್ದಂತೆ ರಂಗದ ನಡುವೆ ಸೀಮೆಸುಣ್ಣದಿಂದ ಗುರುತು ಹಾಕಿ, ದೀಪಗಳನ್ನೆಲ್ಲ ಆ ಗುರುತಿಗೆ ತಿರುಗಿಸಿದ್ದ. ನಟಿ ಕೋಲೂರಿಕೊಂಡು ಬಂದು, ಕೋಲನ್ನು ಬದಿಗಿಟ್ಟು, ರಂಗದ ಹಲಗೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಗುರುತು ನೋಡಿದಳು.

"ಇದೇನ್ರಿ, ಕುಂಟಾಬಿಲ್ಲಿ ಆಡೂದೈತೇನು?" ಎಂದಳು. "ನಾ ಕಂಪನಿ ನಾಟಕದಾಕಿ. ಹಾಡು ಎಲ್ಲಿಗೆ ಕರೀತೈತಿ ಅಲ್ಲಿಗೆ ಹೋಗತೀನಿ, ಗೆರಿ ಮ್ಯಾಲೆ ನಿಂದ್ರಾಕಿ ಅಲ್ಲ. ಹಾಡೂದೂ ಒಂದ ಸಲ ಅಷ್ಟ. ಮಂದಿ ಒನ್ಸ್ ಮೋರ್ ಅಂತ ಕೂಗಿದ್ರ ಇನ್ನೊಮ್ಮೆ ಹಾಡತಿದ್ದೆ. ನಿಮ್ಮ ಡಬ್ಬಿ ಕೂಗತೈತೇನು?"

ಡಬ್ಬಿ ಕೂಗುವುದಿಲ್ಲ ಎಂದು ಛಾಯಾಗ್ರಾಹಕ ಒಪ್ಪಿಕೊಂಡ. ಅಲ್ಲಿದ್ದ ಬೆಳಕು ಕಡಿಮೆ. ಮುಖ ಒಂದು ಗೇಣು ಆಚೀಚೆಯಾದರೂ ಚಿತ್ರ ಮಸುಕು. ಅವನು ಶಿಷ್ಯರಿಬ್ಬರನ್ನೂ ಪಕ್ಕಕ್ಕೆ ಕರೆದು, ಏನು ಮಾಡುತ್ತೀರಿ ಎಂದು ಕೇಳಿದ.

"ಗುರುತಿನ ಮೇಲೇ ನಿಲ್ಲುವಂತೆ ಇನ್ನೊಮ್ಮೆ ಕೇಳಿಕೊಳ್ಳೋಣ ಸರ್. ಪುಸ್ತಕದಲ್ಲಿ ಹಾಗೇ ಇದೆ," ಎಂದ ಯುವಕ.

"ಅಮ್ಮ ಎಲ್ಲಿಗೆ ಬೇಕಾದರೂ ನಡೀಲಿ ಸರ್," ಎಂದಳು ಯುವತಿ. "ನಾನಿದ್ದೀನಿ."

ಛಾಯಾಗ್ರಾಹಕ ಅವಳ ಮುಖ ನೋಡಿ, ಲೆನ್ಸಿನ ಬಳೆಯನ್ನು ಅವಳಿಗೆ ಒಪ್ಪಿಸಿದ. ಯುವಕನಿಗೆ ಹೊಟ್ಟೆ ಉರಿಯಿತು. ಉರಿಯದೆ ಏನು? ಆದರೆ ಅವನೂ ಕೆಲಸದವನು. ಬಗ್ಗಿ ಗುರುತನ್ನು ಅಂಗೈಯಿಂದ ಒರೆಸಿದ. ನಟಿ ಎಲ್ಲಿ ನಿಂತರೂ ಮುಖದ ಮೇಲೆ ಬೆಳಕು ಇರುವ ಹಾಗೆ ದೀಪಗಳನ್ನು ಒಂದೊಂದಾಗಿ ತಿರುಗಿಸಿದ. ಅವನ ಪುಸ್ತಕದಲ್ಲಿ ಅಂಥ ಚಿತ್ರ ಇರಲಿಲ್ಲ.

ನಟಿ ಹಾಡಿದಳು. ನಡುವೆ ಕೂತಳು, ಎದ್ದಳು, ತಿರುಗಿದಳು, ಇಲ್ಲದ ಪ್ರೇಕ್ಷಕರ ಕಡೆಗೆ ರಂಗದ ಅಂಚಿನವರೆಗೂ ನಡೆದು ಬಂದಳು. ಯುವತಿ ನೆಲ ನೋಡಲಿಲ್ಲ, ಬಳೆಯನ್ನೂ ನೋಡಲಿಲ್ಲ. ನಟಿಯನ್ನೇ ನೋಡುತ್ತಿದ್ದಳು. ಅವಳ ಬೆರಳು ನಟಿಯ ಜೊತೆಗೇ ನಡೆಯಿತು. ಹಾಡು ಮುಗಿದಾಗ ಚಿತ್ರ ಸರಿಯಾಗಿ ಸಿಕ್ಕಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆಗ ಫಿಲ್ಮು ಮದರಾಸಿನ ಲ್ಯಾಬಿಗೆ ಹೋಗಿ ತೊಳೆಸಿಕೊಂಡು ಬಂದ ಮೇಲೆಯೇ ಚಿತ್ರ ಕಾಣುತ್ತಿತ್ತು.

ಫಿಲ್ಮು ಬಂದ ದಿನ ನಟಿಯನ್ನೂ ಕರೆಸಿ, ಪರದೆಯ ಮುಂದೆ ಕೂರಿಸಿದರು. ದೀಪ ಆರಿತು. ಹಾಡು ಶುರುವಾದಲ್ಲಿಂದ ರಂಗದ ಅಂಚಿನವರೆಗೆ ನಟಿಯ ಕಣ್ಣು ಒಂದು ಕ್ಷಣವೂ ಮಸುಕಾಗಲಿಲ್ಲ. ರೆಪ್ಪೆಯ ಒಂದೊಂದು ಕೂದಲೂ ಕಂಡಿತು. ಹಾಡು ಮುಗಿಯಿತು.

ಆಗ ಆ ನಟಿ ಕೋಲೂರಿ ಎದ್ದು ನಿಂತು, ಪರದೆಯ ಮೇಲಿದ್ದ ತನಗೇ ಕೂಗಿ ಹೇಳಿದಳು: "ಒನ್ಸ್ ಮೋರ್!"

ಯುವಕನೇ ಮೊದಲು ಚಪ್ಪಾಳೆ ತಟ್ಟಿದ. ಛಾಯಾಗ್ರಾಹಕನಿಗೆ ಇಬ್ಬರ ಮೇಲೂ ಹೆಮ್ಮೆ ಉಕ್ಕಿತು. ಯುವತಿ ಚೀಲದಿಂದ ತನ್ನ ತೆಳ್ಳಗಿನ ಪುಸ್ತಕ ತೆಗೆದಳು. "ಇನ್ನು ಹನ್ನೆರಡನೇ ಪುಟಕ್ಕೆ ಹೋಗಬಹುದು," ಎಂದಳು, ತಲೆ ಎತ್ತಿಯೇ.

ಗುರುಗಳು ಕತೆ ನಿಲ್ಲಿಸಿದರು. ಅವರ ಹೆಂಡತಿ ಕಾಫಿ ತಂದವರು, ಕತೆ ಕೇಳುತ್ತ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಿದ್ದರು.

ನಾಗವೇಣಿಯ ಕಣ್ಣು ಹೊಳೆಯುತ್ತಿತ್ತು. ಅವಳು ಚೀಲದಿಂದ ಪೆನ್ನು ತೆಗೆದಳು. "ಮೇಷ್ಟ್ರೇ, ಆ ತೆಳ್ಳಗಿನ ಪುಸ್ತಕದ ಹೆಸರು ಹೇಳಿ. ಇವತ್ತೇ ತರ್ತೀನಿ. ಓದಿ ಮುಗಿಸಿಬಿಡ್ತೀನಿ."

ಗುರುಗಳು ಬಾಗಿಲ ಕಡೆ ಕೈ ತೋರಿಸಿ ಕೇಳಿದರು: "ಹೆಸರು ಆಮೇಲೆ ಹೇಳ್ತೀನಿ, ಅಲ್ಲಿ ಕಾಫಿ ಹಿಡಿದು ನಿಂತಿರೋ ನಮ್ಮ ಮನೆಯವರು ನಿನ್ನಿಂದ ಎಷ್ಟು ಅಡಿ ದೂರ ಇದ್ದಾರೆ, ಹೇಳು."