ಕನಕಾಂಬರದ ಎರಡು ಅಳತೆ

ಈ ಕತೆಯನ್ನು ಮೊದಲು ಹೇಳಿದವರು ಮಠದಲ್ಲಿ ಅಕ್ಷರ ಕಲಿತ ಗುರುಲಿಂಗಯ್ಯನವರು. ಅವರು ಹೇಳಿದ ಹಾಗೆಯೇ ಇಲ್ಲಿದೆ.

ಶಿಷ್ಯ ಮಡಿವಾಳಪ್ಪ ಒಂದು ಬೆಳಿಗ್ಗೆ ಬಟ್ಟೆಯ ಗಂಟು ಹಿಡಿದು ಆ ಮಠದ ಗುರುಗಳ ಮುಂದೆ ನಿಂತ.

"ಅಜ್ಜಾರೆ, ನಾನು ಒಂದಕ್ಷರ ತಪ್ಪಿದರೂ ಬೈಯುತ್ತೀರಿ. ನನ್ನ ಜೊತೆ ಓದುವ ಶಾಂತವೀರ ಇಡೀ ಸಾಲನ್ನೇ ನುಂಗಿದರೂ 'ಇರಲಿ ಮಗಾ, ಇನ್ನೊಮ್ಮೆ ಓದು' ಎನ್ನುತ್ತೀರಿ. ಪ್ರೀತಿ ಇಬ್ಬರ ಮೇಲೂ ಒಂದೇ ಆಗಿದ್ದರೆ ಮಾತು ಎರಡೇಕೆ? ಹೇಳಿದರೆ ಇರುತ್ತೇನೆ, ಇಲ್ಲದಿದ್ದರೆ ಹೊರಟೆ."

"ಹೊರಡುವವನು ಉಂಡು ಹೊರಡಬೇಕು ತಮ್ಮಾ. ರೊಟ್ಟಿ ಬೇಯುವ ತನಕ ಕುಳಿತು ಒಂದು ಕತೆ ಕೇಳು," ಎಂದರು ಗುರುಗಳು.

ಒಂದೂರಿನಲ್ಲಿ ಒಬ್ಬ ಮುದ್ರಕನಿದ್ದ. ಅವನ ಹತ್ತಿರ ಡಿಜಿಟಲ್ ಮಷೀನು ಇತ್ತು. ಯಾರಾದರೂ ತಮ್ಮದೇ ಒಂದು ಬಣ್ಣ ಬೇಕೆಂದರೆ ಅದಕ್ಕೊಂದು ಹೆಸರಿಟ್ಟು, ಯಾವ ಶಾಯಿ ಎಷ್ಟೆಂಬ ಅಳತೆಯನ್ನು ಮಷೀನಿನಲ್ಲಿ ಬರೆದಿಡುತ್ತಿದ್ದ.

ಊದುಬತ್ತಿ ಮಾಡುವ ಒಬ್ಬ ಹೆಂಗಸು ಅವನಲ್ಲಿಗೆ ಬಂದಳು. ಅವಳ ಡಬ್ಬಿ ಕನಕಾಂಬರದ ಬಣ್ಣದ್ದು. ಓದು ಬಾರದವರೂ ಬಣ್ಣ ನೋಡಿ ಕೊಳ್ಳುತ್ತಿದ್ದರು. ಬಣ್ಣವೇ ಅವಳ ಹೆಸರು. ಹೊರಗಿನ ಡಬ್ಬಿಗೆ ನುಣುಪು ರಟ್ಟು, ಒಳಗಿನ ಕವರಿಗೆ ಒರಟು ಕಾಗದ. ಮುದ್ರಕ ಭೇದ ಮಾಡದೆ ಎರಡಕ್ಕೂ ಒಂದೇ ಅಳತೆ ಕೊಟ್ಟ. ರಟ್ಟಿನ ಮೇಲೆ ಕನಕಾಂಬರ ಅರಳಿತು. ಕಾಗದದ ಮೇಲೆ ಇಟ್ಟಿಗೆ ಪುಡಿಯ ಹಾಗೆ ಕಂಡಿತು. ಸಂತೆಯ ಜನ ಡಬ್ಬಿ ತೆರೆದು, "ಹೊರಗೊಂದು, ಒಳಗೊಂದು. ಇದು ಕಳ್ಳಮಾಲು," ಎಂದು ಅಲ್ಲೇ ಇಟ್ಟು ಹೋದರು.

ಅವಳು ಬುಟ್ಟಿ ಸಮೇತ ಬಂದಳು. "ಅಣ್ಣಾ, ಇನ್ನೊಂದು ಸಂತೆ ಹೀಗಾದರೆ ನನ್ನ ಬತ್ತಿಯನ್ನು ಯಾರೂ ಮೂಸಿ ನೋಡುವುದಿಲ್ಲ."

"ನನ್ನ ತಪ್ಪೇನಿದೆ ತಂಗೀ? ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೊಟ್ಟಿದ್ದೇನೆ. ಬೇಕಾದರೆ ಮಷೀನನ್ನೇ ಕೇಳು."

"ಮಷೀನನ್ನು ಕೇಳಲು ನನಗೆ ಬಾರದು. ನೀವು ಕಾಗದವನ್ನು ಕೇಳಿದಿರಾ?"

ಅವಳು ನೀರಿನಲ್ಲಿ ಬೆರಳದ್ದಿ ಎರಡಕ್ಕೂ ಒಂದೊಂದು ಹನಿ ಇಟ್ಟಳು. ರಟ್ಟಿನ ಮೇಲೆ ಹನಿ ನಿಂತಿತು. ಕಾಗದ ಅದನ್ನು ಕುಡಿದುಬಿಟ್ಟಿತು.

ಮುದ್ರಕ ಮಷೀನಿನ ಮುಂದೆ ಕುಳಿತ. ಒಂದು ಶಾಯಿ ಏರಿಸಿ, ಇನ್ನೊಂದು ಇಳಿಸಿ, ಒರಟು ಕಾಗದದ ಮೇಲೆ ಚಿಕ್ಕ ಚಿಕ್ಕ ತುಂಡು ಮುದ್ರಿಸಿದ. ಒಂದೊಂದನ್ನೂ ಹೊಸ್ತಿಲ ಬಿಸಿಲಿಗೆ ಒಯ್ದು ಡಬ್ಬಿಯ ಪಕ್ಕ ಹಿಡಿದ. ಹನ್ನೊಂದನೆಯ ತುಂಡಿಗೆ ಅವಳು ನಕ್ಕಳು. ಆಗ ಅವನು ಕನಕಾಂಬರವೆಂಬ ಒಂದೇ ಹೆಸರಿನ ಕೆಳಗೆ ರಟ್ಟಿಗೊಂದು, ಕಾಗದಕ್ಕೊಂದು ಅಳತೆ ಬರೆದಿಟ್ಟ.

ಗುರುಗಳು ದೀಪದ ಬಳಿಯಿದ್ದ ಊದುಬತ್ತಿಯ ಡಬ್ಬಿಯನ್ನೂ ಅದರೊಳಗಿನ ಕವರನ್ನೂ ಮಡಿವಾಳಪ್ಪನ ಅಂಗೈಯಲ್ಲಿಟ್ಟರು. ಅವನು ತಿರುಗಿಸಿ ತಿರುಗಿಸಿ ನೋಡಿದ. ಅಳತೆ ಎಲ್ಲೂ ಕಾಣಲಿಲ್ಲ. ಬಣ್ಣ ಒಂದೇ ಇತ್ತು.

"ಹಾಗಾದರೆ ನಾನು ರಟ್ಟೋ, ಒರಟು ಕಾಗದವೋ ಅಜ್ಜಾರೆ?"

"ಅದಿರಲಿ, 'ನನ್ನನ್ನು ಒಂದು ದಿನವಾದರೂ ಯಾಕೆ ಬೈಯುವುದಿಲ್ಲ, ನಾನು ನಿಮಗೆ ಬೇಡವೇ' ಎಂದು ಶಾಂತವೀರ ನಿನ್ನೆ ಇಲ್ಲೇ ಕುಳಿತು ಅತ್ತ. ಹೋಗು, ಈ ಕತೆಯನ್ನು ಅವನಿಗೂ ಹೇಳು."

ಮಡಿವಾಳಪ್ಪ ಎದ್ದು ಶಾಂತವೀರನನ್ನು ಹುಡುಕಿಕೊಂಡು ಹೋದ. ಗಂಟು ಅಲ್ಲೇ ಇತ್ತು.